ಪೆನ್ನಿನ ಮುಚ್ಚಳ ಬಲಕ್ಕೆ ಹೋಗಿತ್ತು

ಮಗಳಿಗೆ ಆಗ ಏಳು ವರ್ಷ. ರಾತ್ರಿ ನನ್ನ ಪಕ್ಕದಲ್ಲಿ ಮಲಗಿದ್ದಳು. ಉಸಿರು ಬಿಟ್ಟಾಗಲೆಲ್ಲ ಸಣ್ಣಗೆ ಒಂದು ಸೀಟಿ ಕೇಳುತ್ತಿತ್ತು. ಮೂಗು ಕಟ್ಟಿರಬೇಕು ಅಂದುಕೊಂಡು ಮಗ್ಗುಲು ಬದಲಾಯಿಸಿ ಮಲಗಿಸಿದೆ. ಸೀಟಿ ನಿಲ್ಲಲಿಲ್ಲ. ಒಂದೇ ಸ್ವರ, ಸಣ್ಣದಾಗಿ ಎಳೆದಂತೆ, ಪ್ರತಿ ಉಸಿರಿನ ಕೊನೆಗೆ.

ಕೆಮ್ಮು ಶುರುವಾಗಿ ಹದಿನೆಂಟು ದಿನ ಆಗಿತ್ತು. ತೋರಿಸಿದ್ದ ಡಾಕ್ಟರು ಅಲರ್ಜಿ ಕೆಮ್ಮು ಅಂದಿದ್ದರು. ಸಿರಪ್ ಬರೆದುಕೊಟ್ಟಿದ್ದರು. ನಾನೂ ಒಪ್ಪಿಕೊಂಡು ಬಂದಿದ್ದೆ.

ನಾನು ಅನಾಟಮಿ ಪಾಠ ಮಾಡುವವಳು. ನರ್ಸಿಂಗ್ ಮತ್ತು ಫಿಸಿಯೋಥೆರಪಿ ಓದುವ ಮಕ್ಕಳಿಗೆ ಆ ಹೊತ್ತಿಗಾಗಲೇ ಹನ್ನೊಂದು ವರ್ಷ ಶ್ವಾಸನಾಳದ ಪಾಠ ಹೇಳಿದ್ದೆ. ಶ್ವಾಸನಾಳ ಎರಡಾಗಿ ಕವಲೊಡೆದು ಒಂದೊಂದು ಶ್ವಾಸಕೋಶಕ್ಕೆ ಹೋಗುವ ಕೊಳವೆಗೆ ಬ್ರಾಂಕಸ್ ಅಂತಾರೆ. "ಬಲಗಡೆಯ ಬ್ರಾಂಕಸ್ ಅಗಲ, ಗಿಡ್ಡ, ನೇರ. ಹೊರಗಿನ ವಸ್ತು ಒಳಗೆ ಹೋದರೆ ಹೆಚ್ಚಾಗಿ ಬಲಕ್ಕೇ ಬೀಳುತ್ತದೆ." ಈ ಮಾತನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಅದೇ ಮಾತು ಹದಿನೆಂಟು ರಾತ್ರಿ ನನ್ನ ಪಕ್ಕದಲ್ಲೇ ಮಲಗಿತ್ತು. ನನಗೆ ಕೇಳಿಸಿರಲಿಲ್ಲ.

ಎದ್ದು ಬ್ಯಾಗಿನಲ್ಲಿದ್ದ ಸ್ಟೆತಸ್ಕೋಪ್ ತಂದೆ. ಬೆನ್ನಿನ ಎಡಗಡೆ ಇಟ್ಟೆ. ಎಲೆಗಳ ನಡುವೆ ಗಾಳಿ ಹಾದು ಹೋದ ಹಾಗೆ ಮೃದುವಾದ ಸದ್ದು, ಮೇಲಿಂದ ಕೆಳಗಿನವರೆಗೂ. ಬಲಗಡೆ ಮೇಲೆ ಇಟ್ಟೆ. ಅಲ್ಲೂ ಸರಿಯಾಗಿತ್ತು. ಬಲಗಡೆ ಕೆಳಗೆ ಸರಿಸಿದೆ. ಗಾಳಿಯ ಸದ್ದು ಅರ್ಧಕ್ಕಿಂತ ಕಡಿಮೆ. ಅದರ ಜೊತೆಗೆ ಆ ಸೀಟಿ. ಕೈ ತಣ್ಣಗಾಯಿತು.

ಎಬ್ಬಿಸಿ ಕೂರಿಸಿ ಮೆಲ್ಲಗೆ ಕೇಳಿದೆ. "ಪುಟ್ಟಿ, ಬಾಯಲ್ಲಿ ಏನಾದ್ರೂ ಇಟ್ಕೊಂಡಿದ್ಯಾ? ಕೆಮ್ಮು ಬರೋಕೆ ಮುಂಚೆ?" ಸುಮಾರು ಹೊತ್ತು ಸುಮ್ಮನಿದ್ದಳು. ಆಮೇಲೆ, "ಪೆನ್ನಿನ ಮುಚ್ಚಳ ಅಮ್ಮಾ. ನುಂಗಿಬಿಟ್ಟೆ. ನೀನು ಬೈತೀಯ ಅಂತ ಹೇಳ್ಲಿಲ್ಲ."

ಅವಳು ನುಂಗಿರಲಿಲ್ಲ. ನುಂಗಿದ್ದರೆ ಅನ್ನನಾಳಕ್ಕೆ ಹೋಗುತ್ತಿತ್ತು. ಅವಳು ಅದನ್ನು ಉಸಿರಿನ ಜೊತೆ ಒಳಗೆ ಎಳೆದುಕೊಂಡಿದ್ದಳು.

ಈಗ ಅವಳು ಕಾಲೇಜು ಮುಗಿಸುತ್ತಿದ್ದಾಳೆ. ಕಳೆದ ವಾರ ಏನೋ ಮಾತಿಗೆ ಮಾತು ಬಂದು, "ಅಮ್ಮಾ, ಅದು ಸರಿಯಾಗಿ ಎಲ್ಲಿ ಸಿಕ್ಕಿಕೊಂಡಿತ್ತು?" ಅಂತ ಕೇಳಿದಳು. ಅವಳ ಬೆರಳು ಹಿಡಿದು ಅವಳ ಕತ್ತಿನ ಮೇಲೇ ಇಟ್ಟು, ಗಂಟಲಿನಿಂದ ಎದೆಯವರೆಗೆ ದಾರಿ ತೋರಿಸಿದೆ. ಆ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ನೀವೂ ಬೆರಳಿಟ್ಟು ಓದಿದರೆ ಒಳ್ಳೆಯದು. ಮೆತ್ತಗೆ, ಒತ್ತಬೇಡಿ.

ಗದ್ದ ಸ್ವಲ್ಪ ಮೇಲೆತ್ತಿ. ಕತ್ತಿನ ನಡುವೆ ಮುಂದಕ್ಕೆ ಚಾಚಿಕೊಂಡಿರುವ ಉಬ್ಬು ಸಿಗುತ್ತದೆ. ಗಂಡಸರಲ್ಲಿ ಕಣ್ಣಿಗೇ ಕಾಣುತ್ತದೆ, ಹೆಂಗಸರಲ್ಲಿ ಬೆರಳಿಗೆ ಸಿಗುತ್ತದೆ. ಅದು ಧ್ವನಿಪೆಟ್ಟಿಗೆಯ ಮುಂಭಾಗ. ಅಲ್ಲಿಂದ ಬೆರಳನ್ನು ಕೆಳಗೆ ಜಾರಿಸಿದರೆ ಒಂದು ಪುಟ್ಟ ತಗ್ಗು. ಮೇಲಿನ ದಾರಿ ಪೂರ್ತಿ ಕಟ್ಟಿಹೋಗಿ ಬೇರೆ ಗತಿಯೇ ಇಲ್ಲದಾಗ ಡಾಕ್ಟರು ಉಸಿರಿಗೆ ದಾರಿ ಮಾಡುವುದು ಈ ತಗ್ಗಿನಲ್ಲೇ. ಚರ್ಮದ ಕೆಳಗೆ ಒಂದು ತೆಳು ಪೊರೆ, ಅದರಾಚೆ ಗಾಳಿ. ಅಷ್ಟು ಹತ್ತಿರ.

ತಗ್ಗಿನ ಕೆಳಗೆ ಗಟ್ಟಿಯಾದ ಒಂದು ಉಂಗುರ. ಕ್ರೈಕಾಯ್ಡ್ ಅಂತ ಅದರ ಹೆಸರು. ಇಡೀ ಗಾಳಿದಾರಿಯಲ್ಲಿ ಸುತ್ತಲೂ ಪೂರ್ತಿ ಕೂಡಿಕೊಂಡಿರುವ ಕಾರ್ಟಿಲೇಜ್, ಅಂದರೆ ಮೆದುಮೂಳೆಯ ಉಂಗುರ ಇದೊಂದೇ. ಕತ್ತಿನ ಆರನೇ ಮೂಳೆಯ ಮಟ್ಟದಲ್ಲಿದೆ. ಇದರ ಕೆಳ ಅಂಚಿನಿಂದ ಶ್ವಾಸನಾಳ ಶುರು.

ಇನ್ನು ಕೆಳಗೆ ಬಂದರೆ ಬೆರಳಿಗೆ ಒಂದು ಉಂಗುರ ಸಿಕ್ಕಿದ ಹಾಗಾಗಿ ಆಮೇಲೆ ಮೆತ್ತಗಾಗುತ್ತದೆ. ಅಲ್ಲಿ ಥೈರಾಯ್ಡ್ ಗ್ರಂಥಿಯ ನಡುವಿನ ಪಟ್ಟಿ ಎರಡನೇ ಉಂಗುರದಿಂದ ನಾಲ್ಕನೆಯದರವರೆಗೆ ಅಡ್ಡ ಮಲಗಿರುತ್ತದೆ. ಹಾಗೇ ಇಳಿಯುತ್ತಾ ಎದೆಮೂಳೆಯ ಮೇಲಿನ ಗುಳಿಗೆ ಬನ್ನಿ. ಇಲ್ಲಿ ನಿಂತುಕೊಳ್ಳಿ. ಕೊಳವೆ ನಿಮ್ಮ ಬೆರಳಿನ ಹಿಂದೆ ನಡುಮಧ್ಯದಲ್ಲಿದೆಯಾ? ಎರಡೂ ಕಡೆ ಜಾಗ ಸಮವಾಗಿದೆಯಾ? ಬಹುಪಾಲು ಜನರಲ್ಲಿ ಸಮ, ಇಲ್ಲವೇ ಕೂದಲೆಳೆಯಷ್ಟು ಬಲಕ್ಕೆ. ಒಂದು ಕಡೆಯ ಶ್ವಾಸಕೋಶ ಕುಸಿದು ಮುದುಡಿದರೆ ಕೊಳವೆಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಎದೆಯೊಳಗೆ ಒಂದು ಕಡೆ ಗಾಳಿ ತುಂಬಿ ಒತ್ತಿದರೆ ಕೊಳವೆ ಆಚೆ ಕಡೆಗೆ ಸರಿಯುತ್ತದೆ. ಯಾವ ಯಂತ್ರವೂ ಇಲ್ಲದೆ ಒಂದು ಬೆರಳು ಇಷ್ಟು ಹೇಳುತ್ತದೆ. ನನಗೆ ಇದು ಇವತ್ತಿಗೂ ದೊಡ್ಡ ವಿಷಯ.

ಬೆರಳು ಅಲ್ಲೇ ಇಟ್ಟು ಒಮ್ಮೆ ಎಂಜಲು ನುಂಗಿ. ಕೊಳವೆ ಮೇಲಕ್ಕೆ ಹೋಗಿ ಮತ್ತೆ ಕೆಳಗೆ ಬಂತಲ್ವಾ? ಶ್ವಾಸನಾಳವನ್ನು ನಾವು ಪೈಪ್ ಅಂತ ಕರೆದು ಬಿಟ್ಟಿದ್ದೇವೆ. ಪೈಪ್ ಅಲ್ಲಾಡುವುದಿಲ್ಲ. ಇದು ದಿನವಿಡೀ ಅಲ್ಲಾಡುತ್ತದೆ, ಉದ್ದವಾಗುತ್ತದೆ, ಗಿಡ್ಡವಾಗುತ್ತದೆ, ಕಿರಿದಾಗುತ್ತದೆ.

ದೊಡ್ಡವರಲ್ಲಿ ಇದರ ಉದ್ದ 10ರಿಂದ 12 ಸೆಂಟಿಮೀಟರ್. ಹೆಚ್ಚುಕಡಿಮೆ ಅರ್ಧ ಕತ್ತಿನಲ್ಲಿ, ಇನ್ನರ್ಧ ಎದೆಯೊಳಗೆ. ಹೊರಗಿನ ಅಗಲ ಸುಮಾರು 2 ಸೆಂಟಿಮೀಟರ್. ಮಕ್ಕಳಲ್ಲಿ ಒಳಗಿನ ಅಗಲಕ್ಕೆ ಒಂದು ಸುಲಭ ಲೆಕ್ಕವಿದೆ. ಬಾಲ್ಯದಲ್ಲಿ ವಯಸ್ಸು ಎಷ್ಟು ವರ್ಷವೋ ಸರಿಸುಮಾರು ಅಷ್ಟೇ ಮಿಲಿಮೀಟರ್. ಏಳು ವರ್ಷದ ನನ್ನ ಮಗಳಿಗೆ ಏಳೆಂಟು ಮಿಲಿಮೀಟರ್. ಅಷ್ಟು ಕಿರಿದಾದ ದಾರಿಯಲ್ಲಿ ಜೇಬಿಗೆ ಸಿಕ್ಕಿಸುವ ಕಡ್ಡಿ ಮುರಿದುಹೋಗಿದ್ದ ಸಣಕಲು ಪೆನ್ನಿನ ಮುಚ್ಚಳವೊಂದು ಇಳಿದು ಹೋಗಿತ್ತು. ಈ ಲೆಕ್ಕ ನನಗೆ ಬಾಯಿಪಾಠ ಇತ್ತು. ಆ ರಾತ್ರಿ ಅದು ನೆನಪಾಗಿ ಹೊಟ್ಟೆಯೊಳಗೆ ಏನೋ ಕಿವುಚಿದಂತಾಯಿತು.

ಕೊಳವೆ ತೆರೆದಿರಲು ಕಾರಣ ಅದರ ಗೋಡೆಯಲ್ಲಿರುವ ಕಾರ್ಟಿಲೇಜ್ ತುಂಡುಗಳು. 16ರಿಂದ 20 ಇರುತ್ತವೆ. ಉಂಗುರ ಅಂತ ಹೇಳುತ್ತೇವೆ, ಆದರೆ ಅವು ಉಂಗುರವಲ್ಲ. ಕುದುರೆ ಲಾಳದ ಆಕಾರ. ಮುಂದೆ ಮತ್ತು ಪಕ್ಕದಲ್ಲಿ ಗಟ್ಟಿ, ಹಿಂದೆ ಖಾಲಿ. ಆ ಖಾಲಿ ಜಾಗವನ್ನು ಅಡ್ಡಲಾಗಿ ತುಂಬಿರುವುದು ಟ್ರೇಕಿಯಾಲಿಸ್ ಎಂಬ ಸ್ನಾಯು. ಅದರ ಬೆನ್ನಿಗೇ ಅನ್ನನಾಳ. ಭ್ರೂಣಕ್ಕೆ ನಾಲ್ಕು ವಾರ ಆಗಿರುವಾಗ ಒಂದೇ ಕೊಳವೆಯಿಂದ ಮೊಳಕೆಯಂತೆ ಒಡೆದು ಬೇರೆಯಾದವು ಇವೆರಡು. ಒಂದೇ ಮನೆಯ ಅಣ್ಣತಮ್ಮಂದಿರು, ಕೊನೆಯವರೆಗೂ ಒಬ್ಬರ ಬೆನ್ನಿಗೊಬ್ಬರು.

ಹಿಂದೆ ಯಾಕೆ ಖಾಲಿ ಅಂತ ಕ್ಲಾಸಿನಲ್ಲಿ ಕೇಳಿದರೆ ಉತ್ತರ ತಕ್ಷಣ ಬರುತ್ತದೆ. "ತುತ್ತು ಇಳಿಯುವಾಗ ಅನ್ನನಾಳ ಉಬ್ಬುವುದಕ್ಕೆ ಜಾಗ ಬೇಕು ಮೇಡಂ." ತಪ್ಪಲ್ಲ. ಆದರೆ ನನಗೆ ಅದು ಸಾಲದು. ಕೆಮ್ಮನ್ನು ನೋಡಿ. ಕೆಮ್ಮುವ ಮುಂಚೆ ಗಂಟಲು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ಎದೆ, ಹೊಟ್ಟೆಯ ಸ್ನಾಯುಗಳು ಒಳಗಿನ ಗಾಳಿಯನ್ನು ಒತ್ತುತ್ತವೆ. ಗಂಟಲು ಫಟ್ಟನೆ ತೆರೆಯುತ್ತದೆ. ಅದೇ ಕ್ಷಣ ಆ ಮೆತ್ತನೆಯ ಹಿಂದಿನ ಗೋಡೆ ಒಳಕ್ಕೆ ನುಗ್ಗಿ ದಾರಿಯನ್ನು ಕಿರಿದು ಮಾಡುತ್ತದೆ. ನೀರಿನ ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಹಿಡಿದರೆ ನೀರು ದೂರ ಚಿಮ್ಮುತ್ತದಲ್ವಾ, ಹಾಗೆ. ದಾರಿ ಕಿರಿದಾದಷ್ಟೂ ಗಾಳಿಗೆ ವೇಗ. ಆ ವೇಗದಲ್ಲಿ ಗೋಡೆಗೆ ಅಂಟಿದ ಕಫ ಕಿತ್ತು ಬರುತ್ತದೆ. ಸುತ್ತಲೂ ಗಟ್ಟಿ ಉಂಗುರ ಇದ್ದಿದ್ದರೆ ನಮ್ಮ ಕೆಮ್ಮಿಗೆ ಈ ಬಲ ಇರುತ್ತಿರಲಿಲ್ಲ. ಬಿಟ್ಟ ಜಾಗವೇ ಇಲ್ಲಿ ಕೆಲಸ ಮಾಡುವುದು.

ಡಿಸೆಕ್ಷನ್ ಹಾಲ್‌ನಲ್ಲಿ ನಾವು ಹೆಣದ ಶ್ವಾಸನಾಳದ ಈ ಹಿಂದಿನ ಗೋಡೆಯನ್ನೇ ಕತ್ತರಿಸಿ ಒಳಗೆ ನೋಡುತ್ತೇವೆ. ಮೊಂಡು ತುದಿಯ ಕತ್ತರಿ ಸಾಕು, ತಡೆಯೇ ಇರುವುದಿಲ್ಲ. ಬಟ್ಟೆ ಕತ್ತರಿಸಿದ ಹಾಗೆ ಸರಾಗವಾಗಿ ಕೆಳಗಿಳಿಯುತ್ತದೆ. ಆಮೇಲೆ ಎರಡೂ ಹೆಬ್ಬೆರಳಿನಿಂದ ಅಗಲಿಸಬೇಕು. ಅಗಲಿಸಿದರೆ ಲಾಳಗಳು ವಿರೋಧಿಸುತ್ತವೆ. ಬಿಟ್ಟ ಕೂಡಲೇ ಮತ್ತೆ ಮುಚ್ಚಿಕೊಳ್ಳುತ್ತವೆ. ಎಷ್ಟೋ ತಿಂಗಳು, ದೇಹ ಕೆಡದಂತೆ ಕಾಯುವ ಫಾರ್ಮಲಿನ್‌ನಲ್ಲಿ ಇದ್ದ ಮೇಲೂ ಅವಕ್ಕೆ ತಮ್ಮ ಆಕಾರದ ನೆನಪಿರುತ್ತದೆ. ಒಳಗೆ ಬೂದು ಕಂದು ಬಣ್ಣ. ಗ್ಲೌಸ್ ಹಾಕಿದ ಬೆರಳನ್ನು ಮುಂದಿನ ಗೋಡೆಯ ಮೇಲೆ ಎಳೆದರೆ ಗೀರುಗೀರಾಗಿ ತಾಗುತ್ತದೆ. ಏರು, ತಗ್ಗು, ಏರು, ತಗ್ಗು.

ಟ್ರೇಕಿಯಾ ಎಂಬ ಹೆಸರು ಬಂದದ್ದೇ ಈ ಒರಟುತನದಿಂದ. ಹಳೆಯ ಗ್ರೀಕರು ಹೆಣಗಳನ್ನು ಕೊಯ್ದಾಗ ಅಪಧಮನಿಗಳು ಖಾಲಿ ಕಂಡವು. ಹಾಗಾಗಿ ಅವೂ ಗಾಳಿ ಹೊರುವ ಕೊಳವೆಗಳೇ ಅಂದುಕೊಂಡರು. ನಯವಾದ ಗಾಳಿಕೊಳವೆಗಳ ನಡುವೆ ಇದೊಂದು ಒರಟು. 'ಟ್ರೇಕಿಯಾ' ಅಂದರೆ ಒರಟು ಅಂತ ಅರ್ಥ. ಅಪಧಮನಿಯಲ್ಲಿ ಇರುವುದು ರಕ್ತ ಎಂದು ಎರಡನೇ ಶತಮಾನದಲ್ಲಿ ಗ್ಯಾಲೆನ್ ಎಂಬ ವೈದ್ಯ ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ. ಹೆಸರು ಮಾತ್ರ ಉಳಿಯಿತು. ನಮ್ಮ ಶ್ವಾಸನಾಳ ಎಂಬ ಪದ ಒಳಗೆ ಏನು ಹರಿಯುತ್ತದೆ ಅಂತ ಹೇಳುತ್ತದೆ. ಅವರ ಪದ ಮುಟ್ಟಿದರೆ ಹೇಗಿರುತ್ತದೆ ಅಂತ ಹೇಳುತ್ತದೆ. ಎರಡೂ ನನಗೆ ಇಷ್ಟ.

ಈಗ ಬೆರಳಿನ ದಾರಿಗೆ ವಾಪಸ್ ಬರೋಣ. ಎದೆಮೂಳೆಯ ಗುಳಿಯಿಂದ ಕೆಳಗೆ ಸುಮಾರು 5 ಸೆಂಟಿಮೀಟರ್ ಜಾರಿಸಿದರೆ ಮೂಳೆಯ ಮೇಲೆ ಅಡ್ಡಕ್ಕೆ ಒಂದು ಏಣು ಸಿಗುತ್ತದೆ. ಎರಡನೇ ಪಕ್ಕೆಲುಬು ಬಂದು ಸೇರುವ ಜಾಗ ಅದು. ಅದರ ನೇರ ಹಿಂದೆ, ಒಳಗೆ, ಶ್ವಾಸನಾಳ ಎರಡಾಗಿ ಕವಲೊಡೆಯುತ್ತದೆ. ದೀರ್ಘವಾಗಿ ಉಸಿರೆಳೆದುಕೊಂಡಾಗ ಈ ಕವಲು ಕೆಳಗಿಳಿಯುತ್ತದೆ, ಬಿಟ್ಟಾಗ ಮೇಲೇರುತ್ತದೆ. ಕವಲಿನ ನಡುವೆ ಒಳಗಡೆ ಒಂದು ಚೂಪಾದ ಏಣಿದೆ. ಕರೈನಾ. ದೋಣಿಯ ಅಡಿಗೆ ಉದ್ದಕ್ಕೂ ಇರುವ ಮರದ ಏಣಿಗೆ ಲ್ಯಾಟಿನ್‌ನಲ್ಲಿರುವ ಹೆಸರು ಅದು. ಎರಡು ಕಡೆಗೂ ಇಳಿಜಾರು, ನಡುವೆ ಕತ್ತಿಯಂಥ ಅಂಚು.

ಕರೈನಾ ತುಂಬಾ ಸೂಕ್ಷ್ಮ. ಕಫ ತೆಗೆಯುವ ಸಕ್ಷನ್ ಕೊಳವೆ ಅಲ್ಲಿಗೆ ತಾಗಿದರೆ ಎಂಥ ರೋಗಿಯೂ ಬೆಚ್ಚಿ ಕೆಮ್ಮುತ್ತಾನೆ. ನರ್ಸಿಂಗ್ ಮಕ್ಕಳಿಗೆ ನಾನು ಯಾವಾಗಲೂ ಹೇಳುವುದು, ಅದು ನಿಮಗೆ ಬರೀ ಒಂದು ಗುರುತು, ಆದರೆ ಮಲಗಿರುವವರಿಗೆ ಅದು ದೇಹದ ಒಳಗಿನ ಕಾವಲುಗಾರ, ಅವಸರ ಮಾಡಬೇಡಿ. ಕರೈನಾದ ಕೆಳಗೆ ದುಗ್ಧರಸ ಗ್ರಂಥಿಗಳ (ಲಿಂಫ್ ನೋಡ್) ಒಂದು ಗೊಂಚಲಿದೆ. ಕ್ಯಾನ್ಸರ್ ಹರಡಿ ಅವು ಊದಿಕೊಂಡರೆ ಕರೈನಾದ ಚೂಪು ಹೋಗಿ ಅಗಲವಾಗುತ್ತದೆ, ಮೊಂಡಾಗುತ್ತದೆ. ಒಳಗೆ ಕ್ಯಾಮೆರಾ ಇಳಿಸಿದ ಡಾಕ್ಟರು ಮೊದಲು ನೋಡುವುದರಲ್ಲಿ ಇದೂ ಒಂದು.

ಇಲ್ಲಿಂದ ಎಡ ಬಲ ಬೇರೆ. ಚಿತ್ರ ಬರೆಯುವಾಗ ಮಕ್ಕಳು ಎರಡು ಕವಲನ್ನೂ ಒಂದೇ ಥರ ಬರೆದುಬಿಡುತ್ತಾರೆ. ಒಳಗೆ ಹಾಗಿಲ್ಲ. ಹೃದಯ ಎಡಕ್ಕೆ ವಾಲಿದೆ. ಮಹಾಪಧಮನಿ ಮೇಲಕ್ಕೆದ್ದು ಎಡ ಬ್ರಾಂಕಸ್‌ನ ಮೇಲೆ ಕಮಾನಿನಂತೆ ಬಾಗಿ ಹಿಂದಕ್ಕೆ ಹೋಗುತ್ತದೆ. ಎಡ ಬ್ರಾಂಕಸ್ ಆ ಕಮಾನಿನ ಕೆಳಗೆ ನುಸುಳಿ, ಅಡ್ಡಡ್ಡ ಸಾಗಿ ಶ್ವಾಸಕೋಶ ತಲುಪಬೇಕು. ಹಾಗಾಗಿ ಅದು ಉದ್ದ, ಸುಮಾರು 5 ಸೆಂಟಿಮೀಟರ್. ನಡುಗೆರೆಯಿಂದ ಸುಮಾರು 45 ಡಿಗ್ರಿ ಓರೆ. ಬಲದ್ದಕ್ಕೆ ಅಂಥ ಅಡ್ಡಿಯಿಲ್ಲ. ಸುಮಾರು 2.5 ಸೆಂಟಿಮೀಟರ್ ಹೋಗುವಷ್ಟರಲ್ಲೇ ಶ್ವಾಸಕೋಶ ಸಿಕ್ಕಿಬಿಡುತ್ತದೆ. ಅಗಲವೂ ಜಾಸ್ತಿ. ಓರೆ ಬರೀ 25 ಡಿಗ್ರಿ. ಶ್ವಾಸನಾಳದ ಮುಂದುವರಿಕೆಯೇ ಅದು ಅನ್ನುವ ಹಾಗೆ ಇಳಿಯುತ್ತದೆ.

ಆಪರೇಷನ್ ಹೊತ್ತಿನಲ್ಲಿ ಉಸಿರಿನ ನಳಿಕೆ ಹಾಕುವವರಿಗೆ ಇದು ದಿನದ ಚಿಂತೆ. ನಳಿಕೆ ಸ್ವಲ್ಪ ಜಾಸ್ತಿ ಒಳಗೆ ಹೋದರೆ ಬಲಕ್ಕೆ ಜಾರುತ್ತದೆ. ಆಗ ಎಡ ಶ್ವಾಸಕೋಶಕ್ಕೆ ಗಾಳಿಯೇ ಹೋಗುವುದಿಲ್ಲ. ಅದಕ್ಕೇ ನಳಿಕೆ ಹಾಕಿದ ಕೂಡಲೇ ಎದೆಯ ಎರಡೂ ಕಡೆ ಕಿವಿಗೊಟ್ಟು ಕೇಳುತ್ತಾರೆ. ತೀರ ಸಣ್ಣ ಮಕ್ಕಳಲ್ಲಿ ಎಡ ಬಲದ ಓರೆಯಲ್ಲಿ ಇಷ್ಟು ವ್ಯತ್ಯಾಸ ಇರುವುದಿಲ್ಲ. ಹಾಗಾಗಿ ಅವರಲ್ಲಿ ಎಡಕ್ಕೂ ವಸ್ತು ಬೀಳುತ್ತದೆ. ಎಡಗಡೆ ಸದ್ದು ಕಡಿಮೆಯಿದ್ದರೂ ಅನುಮಾನ ಬಿಡಬಾರದು.

ಬಲ ಬ್ರಾಂಕಸ್ ಒಳಗೆ ಹೋದ ತಕ್ಷಣ ಶ್ವಾಸಕೋಶದ ಮೇಲಿನ ಭಾಗಕ್ಕೆ, ಅಂದರೆ ಮೇಲಿನ ಹಾಲೆಗೆ, ಒಂದು ಕವಲು ಕೊಡುತ್ತದೆ. ಉಳಿದದ್ದು ಕೆಳಗೆ ಸ್ವಲ್ಪ ದೂರ ಒಂದೇ ಕೊಳವೆಯಾಗಿ ಇಳಿದು, ನಡುವಿನ ಹಾಲೆಗೆ ಮತ್ತು ಕೆಳಗಿನ ಹಾಲೆಗೆ ಕವಲಾಗುತ್ತದೆ. ಮಗಳ ಮುಚ್ಚಳ ಇದ್ದದ್ದು ಆ ನಡುವಿನ ತುಂಡು ದಾರಿಯಲ್ಲಿ. ಮೇಲಿನ ಹಾಲೆಯ ಬಾಯಿ ದಾಟಿ ಕೆಳಗೆ. ಅದಕ್ಕೇ ಆ ರಾತ್ರಿ ಬಲಗಡೆ ಮೇಲ್ಭಾಗದಲ್ಲಿ ಗಾಳಿಯ ಸದ್ದು ಸರಿಯಾಗಿತ್ತು, ಕೆಳಗೆ ಇರಲಿಲ್ಲ. ಸ್ಟೆತಸ್ಕೋಪ್ ಇಟ್ಟ ಜಾಗದಿಂದಲೇ ಅದು ಎಲ್ಲಿದೆ ಅಂತ ಹೇಳಬಹುದಿತ್ತು. ಈಗ ಹೇಳಬಲ್ಲೆ. ಆವತ್ತು ಕೈ ನಡುಗುತ್ತಿತ್ತು.

ಬೆಳಗ್ಗೆಯೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಪ್ಲಾಸ್ಟಿಕ್ ಸಾಮಾನ್ಯವಾಗಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಇದನ್ನು ದಯವಿಟ್ಟು ನೆನಪಿಡಿ. ಎಕ್ಸ್‌ರೇ ಸರಿಯಾಗಿದೆ ಅಂದ ಮಾತ್ರಕ್ಕೆ ಒಳಗೆ ಏನೂ ಇಲ್ಲ ಅಂತ ಅಲ್ಲ. ಅಲ್ಲಿದ್ದ ಡಾಕ್ಟರು ಎಕ್ಸ್‌ರೇ ಪಕ್ಕಕ್ಕಿಟ್ಟು, ಮಗಳನ್ನೇ ಕೂರಿಸಿಕೊಂಡು, ಆವತ್ತು ಏನಾಯಿತು ಅಂತ ಒಂದೊಂದಾಗಿ ಕೇಳಿದರು. "ಮೊದಲು ಜೋರಾಗಿ ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು, ಆಮೇಲೆ ನಿಂತುಹೋಯ್ತು" ಅಂದಳು. ಅಷ್ಟು ಕೇಳಿದ ಮೇಲೆ ಅವರಿಗೆ ಬೇರೆ ಪರೀಕ್ಷೆ ಬೇಕಾಗಲಿಲ್ಲ. ಪೂರ್ತಿ ಅರಿವಳಿಕೆ ಕೊಟ್ಟು ಬ್ರಾಂಕೋಸ್ಕೋಪಿ ಮಾಡಿದರು, ಅಂದರೆ ಗಾಳಿದಾರಿಯೊಳಗೆ ಕ್ಯಾಮೆರಾ ಇಳಿಸಿ ನೋಡಿದರು.

ನಾನು ಬಾಗಿಲ ಹೊರಗೆ ಕುಳಿತಿದ್ದೆ. ವಿಡಿಯೋ ಆಮೇಲೆ ತೋರಿಸಿದರು. ಹನ್ನೊಂದು ವರ್ಷ ನಾನು ನೋಡಿದ್ದು ಬೂದು ಬಣ್ಣದ ಶ್ವಾಸನಾಳ. ಪರದೆಯ ಮೇಲೆ ಕಂಡಿದ್ದು ತಿಳಿ ಗುಲಾಬಿ, ಒದ್ದೆ, ಹೊಳೆಯುವ ಗುಹೆ. ಗೋಡೆಯೊಳಗಿಂದ ಲಾಳಗಳು ಬಿಳಿ ಬಿಳಿಯಾಗಿ ಕಾಣುತ್ತಿದ್ದವು. ಅವುಗಳ ನಡುವೆ ದಾರದಷ್ಟು ಸಣ್ಣ ರಕ್ತನಾಳಗಳು. ದೂರದಲ್ಲಿ ಕರೈನಾ, ಹೃದಯದ ಪ್ರತಿ ಬಡಿತಕ್ಕೂ ಸ್ವಲ್ಪ ನಡುಗುತ್ತಿತ್ತು. ಎಡಗಡೆಯ ದಾರಿ ಖಾಲಿ, ಕಪ್ಪು. ಬಲಗಡೆ ಕ್ಯಾಮೆರಾ ಇಳಿಯಿತು. ಮೇಲಿನ ಹಾಲೆಯ ಬಾಯಿ ದಾಟಿತು. ಅಲ್ಲಿ ನೀಲಿ. ಸುತ್ತಲಿನ ಗೋಡೆ ಊದಿಕೊಂಡು ಕೆಂಪಾಗಿ ಮುಚ್ಚಳವನ್ನು ಹಿಡಿದುಕೊಂಡಿತ್ತು. ಮೇಲೆ ಕಫದ ಎಳೆ. ಇಕ್ಕಳ ಬಂದು ಅಂಚನ್ನು ಕಚ್ಚಿ, ಒಮ್ಮೆ ಜಾರಿ, ಮತ್ತೆ ಕಚ್ಚಿ, ನಿಧಾನಕ್ಕೆ ಎಳೆಯಿತು. ವಿಡಿಯೋ ಇಷ್ಟೇ. ಎಷ್ಟು ಸಲ ನೋಡಿದ್ದೇನೋ.

ಮುಚ್ಚಳದ ತುದಿಯಲ್ಲಿ ಒಂದು ತೂತು ಇತ್ತು. ಪೆನ್ನಿನ ಮುಚ್ಚಳಕ್ಕೆ ತೂತು ಯಾಕೆ ಇರುತ್ತದೆ ಅಂತ ನಾನು ಆವರೆಗೆ ಯೋಚಿಸಿಯೇ ಇರಲಿಲ್ಲ. ಮಕ್ಕಳು ಉಸಿರಿನ ಜೊತೆ ಎಳೆದುಕೊಂಡರೆ ಗಾಳಿ ಪೂರ್ತಿ ಕಟ್ಟಬಾರದು ಅಂತ. ಮುಚ್ಚಳ ಗಾಳಿ ಬಿಡಬೇಕು ಅಂತ ಅಂತರರಾಷ್ಟ್ರೀಯ ಮಾನದಂಡವೇ ಇದೆ. ನನ್ನ ಮಗಳ ಶ್ವಾಸಕೋಶದ ಕೆಳಭಾಗಕ್ಕೆ ಹದಿನೆಂಟು ದಿನ ಗಾಳಿ ಹೋಗಿ ಬಂದಿದ್ದು ಆ ತೂತಿನಿಂದ. ಸೀಟಿ ಊದುತ್ತಿದ್ದದ್ದೂ ಅದೇ. ಆ ತೂತು ಬೇಕು ಅಂತ ಎಲ್ಲೋ ಕೂತು ಯೋಚಿಸಿದವರಿಗೆ ನಾನು ಋಣಿ.

ಸೀಟಿಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಬ್ರಾಂಕಸ್ ಒಳಗೆ ಹೋದಂತೆ ಕವಲಿನ ಮೇಲೆ ಕವಲು ಒಡೆಯುತ್ತದೆ. ಬಲಕ್ಕೆ ಮೂರು ಹಾಲೆ, ಎಡಕ್ಕೆ ಎರಡು. ಅಲ್ಲಿಂದ ಒಂದೊಂದು ಕಡೆ ಎಂಟರಿಂದ ಹತ್ತು ಭಾಗಗಳು. ಅಲ್ಲಿಂದ ಮುಂದೆ ಎಣಿಸುವುದು ಕಷ್ಟ. ಒಟ್ಟು 23 ಸಲ ಕವಲೊಡೆಯುತ್ತದೆ ಎಂಬ ಲೆಕ್ಕವನ್ನು 1963ರಲ್ಲಿ ವೈಬೆಲ್ ಎಂಬ ವಿಜ್ಞಾನಿ ಕೊಟ್ಟರು. ಇವತ್ತಿಗೂ ಪಾಠದಲ್ಲಿ ಅದೇ ನಡೆಯುತ್ತದೆ. ತಲೆಕೆಳಗಾದ ಮರ ಅಂತ ಎಲ್ಲರೂ ಹೇಳುತ್ತಾರೆ. ಚಿತ್ರಕ್ಕೆ ಸರಿ. ಆದರೆ ಇಲ್ಲಿ ಒಂದೊಂದು ಕೊಳವೆ ಸಣ್ಣದಾದರೂ ಸಂಖ್ಯೆ ಎಷ್ಟು ಹೆಚ್ಚುತ್ತದೆ ಅಂದರೆ, ಎಲ್ಲವನ್ನೂ ಕೂಡಿಸಿದ ಅಗಲ ಒಳಗೆ ಹೋದಂತೆ ವಿಪರೀತ ದೊಡ್ಡದಾಗುತ್ತದೆ. ಶ್ವಾಸನಾಳದಲ್ಲಿ ಗಾಳಿ ಓಡುತ್ತದೆ. ಕೊನೆಯ ಕವಲುಗಳಲ್ಲಿ ಓಟ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಕಿರಿದಾದ ಹೊಳೆ ಬಯಲಿಗೆ ಬಂದು ಹರಡಿಕೊಂಡ ಹಾಗೆ.

ಸುಮಾರು 1 ಮಿಲಿಮೀಟರಿಗಿಂತ ಸಣ್ಣದಾದ ಮೇಲೆ ಕೊಳವೆಯ ಗೋಡೆಯಲ್ಲಿ ಕಾರ್ಟಿಲೇಜ್ ಇರುವುದಿಲ್ಲ. ಅವು ಬ್ರಾಂಕಿಯೋಲ್‌ಗಳು. ಸುತ್ತಲೂ ಸ್ನಾಯು ಮಾತ್ರ. ಆ ಸ್ನಾಯು ಬಿಗಿದರೆ ತಡೆಯಲು ಗಟ್ಟಿ ಏನೂ ಇಲ್ಲ. ಆಸ್ತಮಾದಲ್ಲಿ ಹೀಗೆ ಎರಡೂ ಕಡೆಯ ಬೇರೆ ಬೇರೆ ಗಾತ್ರದ ಕೊಳವೆಗಳು ಒಟ್ಟಿಗೆ ಬಿಗಿಯುತ್ತವೆ. ಹಾಗಾಗಿ ಸೀಟಿಯೂ ಒಂದಲ್ಲ, ಹಲವು ಸ್ವರಗಳ ಗದ್ದಲ, ಎದೆಯ ಎಲ್ಲ ಕಡೆ. ಒಂದೇ ಜಾಗದಲ್ಲಿ, ಒಂದೇ ಸ್ವರದಲ್ಲಿ, ಪ್ರತಿ ಉಸಿರಿಗೂ ಹಾಗೇ ಬರುವ ಸೀಟಿ ಬೇರೆ ಕಥೆ ಹೇಳುತ್ತದೆ. ದೊಡ್ಡ ಕೊಳವೆಯೊಂದರಲ್ಲಿ ಏನೋ ಕೂತಿದೆ ಅಂತ. ಈ ವ್ಯತ್ಯಾಸ ನನಗೆ ಗೊತ್ತಿತ್ತು. ಪರೀಕ್ಷೆಗೆ ಪ್ರಶ್ನೆ ಕೂಡ ಕೊಟ್ಟಿದ್ದೆ.

ಇಡೀ ದಾರಿಗೆ ಒಳಗಡೆ ಹಾಸಿರುವ ಪೊರೆಯ ಬಗ್ಗೆ ಹೇಳದೆ ಹೋದರೆ ನನಗೆ ಸಮಾಧಾನವಿಲ್ಲ. ಅದರ ಅನೇಕ ಜೀವಕೋಶಗಳಲ್ಲಿ ಒಂದೊಂದರ ತಲೆಯ ಮೇಲೂ ಸುಮಾರು 200 ಸೂಕ್ಷ್ಮ ಕೂದಲುಗಳಿವೆ. ಸಿಲಿಯಾ ಅಂತಾರೆ. ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ, ಗಾಳಿಗೆ ಬಾಗುವ ಪೈರಿನ ಹಾಗೆ ಅಲೆ ಅಲೆಯಾಗಿ ಬಾಗುತ್ತವೆ. ಅವುಗಳ ಮೇಲೆ ತೆಳುವಾದ ಲೋಳೆಯ ಹಾಸು. ಉಸಿರಿನಲ್ಲಿ ಬಂದ ಧೂಳು, ಕ್ರಿಮಿ ಎಲ್ಲ ಅದಕ್ಕೆ ಅಂಟುತ್ತದೆ. ಹಾಸು ನಿಧಾನವಾಗಿ ಮೇಲಕ್ಕೆ, ಗಂಟಲಿನ ಕಡೆಗೆ ಸರಿಯುತ್ತಲೇ ಇರುತ್ತದೆ. ನಾವು ಗೊತ್ತೇ ಆಗದ ಹಾಗೆ ನುಂಗಿಬಿಡುತ್ತೇವೆ. ನೀವು ಇದನ್ನು ಓದುತ್ತಿರುವಾಗಲೂ ನಡೆಯುತ್ತಿದೆ. ಬೀಡಿ ಸಿಗರೇಟಿನ ಹೊಗೆ ಮೊದಲು ಕೆಡಿಸುವುದರಲ್ಲಿ ಇದೂ ಒಂದು. ಕೂದಲು ಉದುರುತ್ತವೆ, ಲೋಳೆ ಹೆಚ್ಚುತ್ತದೆ, ಸಾಗಿಸುವವರಿಲ್ಲದೆ ಅಲ್ಲೇ ನಿಲ್ಲುತ್ತದೆ. ಆಮೇಲೆ ಉಳಿಯುವುದು ಕೆಮ್ಮೊಂದೇ. ಹುಟ್ಟಿನಿಂದಲೇ ಈ ಕೂದಲುಗಳು ಸರಿಯಾಗಿ ಆಡದ ಮಕ್ಕಳೂ ಇದ್ದಾರೆ. ಅವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಹೃದಯ ಬಲಗಡೆ, ಯಕೃತ್ತು ಎಡಗಡೆ, ಎಲ್ಲವೂ ತಿರುಗಾಮುರುಗ ಇರುತ್ತದೆ. ಯಾಕೆಂದರೆ ಭ್ರೂಣದಲ್ಲಿ ಎಡ ಯಾವುದು, ಬಲ ಯಾವುದು ಅಂತ ಗೊತ್ತುಮಾಡುವುದೂ ಸಿಲಿಯಾಗಳೇ. ಇದನ್ನು ಮೊದಲ ಸಲ ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸುಮ್ನೆ ಕೂತಿದ್ದೆ.

ಆದರೆ ಸಿಲಿಯಾಗಳಿಗೆ ಪೆನ್ನಿನ ಮುಚ್ಚಳ ಸರಿಸುವ ಶಕ್ತಿಯಿಲ್ಲ. ಅದಕ್ಕೆ ಇಕ್ಕಳವೇ ಬೇಕು. 1897ರಲ್ಲಿ ಜರ್ಮನಿಯ ಫ್ರೈಬುರ್ಗ್‌ನಲ್ಲಿ ಗುಸ್ತಾವ್ ಕಿಲಿಯನ್ ಎಂಬ ವೈದ್ಯರು ಒಬ್ಬ ರೈತನ ಬಲ ಬ್ರಾಂಕಸ್‌ನಿಂದ ಮೂಳೆಯ ಚೂರೊಂದನ್ನು ಬಾಯಿಯ ಮೂಲಕ ಹೊರಗೆ ತೆಗೆದರು. ಬ್ರಾಂಕೋಸ್ಕೋಪಿ ಶುರುವಾಗಿದ್ದು ಹಾಗೆ. ಅದೂ ಬಲಗಡೆಯೇ, ನೋಡಿ. ಅಮೆರಿಕದ ವೈದ್ಯ ಷೆವಲಿಯರ್ ಜಾಕ್ಸನ್ ತಮ್ಮ ವೃತ್ತಿಯುದ್ದಕ್ಕೂ ರೋಗಿಗಳ ಗಾಳಿದಾರಿ ಮತ್ತು ಅನ್ನನಾಳದಿಂದ ತೆಗೆದ ವಸ್ತುಗಳನ್ನು ಜೋಪಾನವಾಗಿ ಇಟ್ಟರು. ಸೇಫ್ಟಿ ಪಿನ್, ಗುಂಡಿ, ಸಣ್ಣ ಆಟಿಕೆ, ಹೀಗೆ 2,000ಕ್ಕೂ ಹೆಚ್ಚು. ಫಿಲಡೆಲ್ಫಿಯಾದ ಮ್ಯೂಟರ್ ಮ್ಯೂಸಿಯಂನಲ್ಲಿ ಈಗಲೂ ಡ್ರಾಯರುಗಳಲ್ಲಿ ಜೋಡಿಸಿಟ್ಟಿದ್ದಾರೆ. ಅದರ ಫೋಟೋಗಳನ್ನು ನೋಡುವಾಗ ನನಗೆ ವಸ್ತುಗಳು ಕಾಣುವುದಿಲ್ಲ. ಬಾಗಿಲ ಹೊರಗೆ ಕೂತ ತಾಯಂದಿರು ಕಾಣುತ್ತಾರೆ.

ನೆತ್ತಿ ಹತ್ತಿತು ಅಂತ ನಾವು ಎಷ್ಟು ಸುಲಭವಾಗಿ ಅಂದುಬಿಡುತ್ತೇವೆ. ಹತ್ತುವುದು ನೆತ್ತಿಗಲ್ಲ, ಗಾಳಿಕೊಳವೆಗೆ. ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಅದಕ್ಕಿಂತ ಒಳ್ಳೆಯ ಉಪಾಯ ನಮ್ಮ ಹತ್ತಿರ ಇಲ್ಲ. ಕಾಣದ ವಸ್ತುವಿಗಾಗಿ ಗಂಟಲಿಗೆ ಬೆರಳು ಹಾಕಬೇಡಿ, ಇನ್ನೂ ಒಳಗೆ ಹೋಗುತ್ತದೆ. ಕೆಮ್ಮಲೂ ಆಗದೆ, ದನಿಯೂ ಬಾರದೆ, ಉಸಿರು ಕಟ್ಟಿದರೆ ತಡಮಾಡಬೇಡಿ. ಮುಂದಕ್ಕೆ ಬಗ್ಗಿಸಿ ಎರಡು ಭುಜದ ನಡುವೆ ಬೆನ್ನಿಗೆ ಅಂಗೈ ಬುಡದಿಂದ ಐದು ಸಲ ಹೊಡೆಯಬೇಕು. ಬಿಡದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ಸ್ವಲ್ಪ ಮೇಲಕ್ಕೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಬೇಕು. ವರ್ಷ ತುಂಬದ ಕೂಸಿಗೆ ಹೊಟ್ಟೆ ಒತ್ತಬಾರದು. ಬೆನ್ನಿಗೆ ಹೊಡೆದು, ಎದೆಯ ನಡುವೆ ಒಂದು ಅಂಗೈ ಬುಡದಿಂದ ಒತ್ತಬೇಕು. ಅಷ್ಟರಲ್ಲಿ ಯಾರಾದರೂ ಆಂಬುಲೆನ್ಸ್ ಕರೆಯಬೇಕು. ಇದನ್ನು ಓದಿ ತಿಳಿಯುವುದಕ್ಕಿಂತ ಒಮ್ಮೆ ಬೊಂಬೆಯ ಮೇಲೆ ಮಾಡಿ ಕಲಿಯಿರಿ. ಇನ್ನೊಂದು, ಆಟದ ನಡುವೆ ಇದ್ದಕ್ಕಿದ್ದಂತೆ ಕೆಮ್ಮು ಬಂದು ತಾನಾಗಿ ನಿಂತುಹೋದರೂ ಡಾಕ್ಟರಿಗೆ ಹೇಳಿ. ನಿಂತ ಕೆಮ್ಮು ಅಂದರೆ ವಸ್ತು ಹೊರಗೆ ಬಂತು ಅಂತಲೇ ಅಲ್ಲ. ಸೂಕ್ಷ್ಮವಾದ ದೊಡ್ಡ ದಾರಿ ದಾಟಿ ಒಳಗೆ ಎಲ್ಲೋ ಕೂತಿತು ಅಂತಲೂ ಇರಬಹುದು. ಕೇಳುವಾಗ ಬೈಯುವ ದನಿಯಲ್ಲಿ ಕೇಳಬೇಡಿ.

ಆಮೇಲಿಂದ ನನ್ನ ಪಾಠ ಬದಲಾಗಿದೆ. ಮೊದಲ ದಿನ ಬೋರ್ಡ್ ಮುಟ್ಟುವುದಿಲ್ಲ. ಮಕ್ಕಳು ತಮ್ಮ ಕತ್ತಿನ ಮೇಲೆ ಬೆರಳಿಟ್ಟು ಕ್ರೈಕಾಯ್ಡ್ ಹುಡುಕಬೇಕು. ಜೋಡಿ ಜೋಡಿಯಾಗಿ ಕೂತು ಪಕ್ಕದವರ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಎಡ, ಬಲ, ಮೇಲೆ, ಕೆಳಗೆ ಕೇಳಬೇಕು. ಸೆಂಟಿಮೀಟರು, ಡಿಗ್ರಿ ಎಲ್ಲ ಆಮೇಲೆ. ಡಿಸೆಕ್ಷನ್ ಹಾಲ್‌ಗೆ ಹೋದಾಗ ಉದ್ದಕ್ಕೆ ಸೀಳಿದ ಶ್ವಾಸನಾಳವನ್ನು ಲಂಬವಾಗಿ ಹಿಡಿದು, ಕಿರುಬೆರಳನ್ನು ಮೇಲಿಂದ ಇಳಿಸಿ ಅಂತೀನಿ. ಹೆಚ್ಚಿನವರ ಬೆರಳು ತಾನಾಗಿ ಬಲಕ್ಕೆ ಹೋಗುತ್ತದೆ. ಹೋದಾಗ ಅವರ ಮುಖ ನೋಡುತ್ತೇನೆ.

ಮುಚ್ಚಳವನ್ನು ಒಂದು ಚಿಕ್ಕ ಡಬ್ಬಿಯಲ್ಲಿ ಹತ್ತಿಯ ಮೇಲೆ ಇಟ್ಟಿದ್ದೇನೆ. ಕಳೆದ ವಾರ ದಾರಿ ತೋರಿಸಿ ಮುಗಿಸಿದ ಮೇಲೆ ಮಗಳು ಅದನ್ನು ಕೇಳಿದಳು. ಕೊಟ್ಟೆ. ಬೆಳಕಿಗೆ ಹಿಡಿದು ತೂತಿನೊಳಗಿಂದ ನೋಡಿದಳು. ಆಮೇಲೆ ತುಟಿಯ ಹತ್ತಿರ ಹಿಡಿದು ಮೆಲ್ಲಗೆ ಊದಿದಳು. ಸೀಟಿ ಬಂತು. ಆ ರಾತ್ರಿಯದಕ್ಕಿಂತ ಸ್ವಲ್ಪ ಗಟ್ಟಿಯಾಗಿತ್ತು.